ಏಣಿಯೋ ಜಾರುಬಂಡೆಯೋ

ರೈಸಾ ಮಿಕಿತಿವ್ನಾ ಇಪ್ಪತ್ತಾರು ವರ್ಷ ತಾಲೂಕು ಆಸ್ಪತ್ರೆಯಲ್ಲಿ ಇಸಿಜಿ ತೆಗೆದವಳು. ಅವಳು ಡಾಕ್ಟರಲ್ಲ, ನರ್ಸಿಂಗ್ ಪರೀಕ್ಷೆಯನ್ನೂ ಅರ್ಧಕ್ಕೆ ಬಿಟ್ಟವಳು. ಆದರೆ ಕಾಗದದ ಮೇಲಿನ ಗೆರೆ ಅವಳ ಮುಂದೆ ಸುಳ್ಳು ಹೇಳುತ್ತಿರಲಿಲ್ಲ. ಒಮ್ಮೆ ಟ್ರಾಕ್ಟರ್ ಓಡಿಸುವವನೊಬ್ಬನ ಗೆರೆಗಳು ತಲೆಕೆಳಗಾಗಿ ಬಂದವು. ಹೊಸ ಡಾಕ್ಟರು ಬೆವೆತು ಆಂಬುಲೆನ್ಸಿಗೆ ಫೋನ್ ಎತ್ತಿದರು. ರೈಸಾ ಹೋಗಿ ನೋಡಿದರೆ ಬಲಗೈ ವೈರು ಎಡಗೈಯಲ್ಲಿತ್ತು.

"ಹೃದಯ ನೆಟ್ಟಗಿದೆ ಡಾಕ್ಟ್ರೇ, ವೈರು ಅದಲುಬದಲಾಗಿದೆ ಅಷ್ಟೆ," ಎಂದಳು.

ಮೊದಲಿನಿಂದಲೂ ಅವಳದೊಂದು ಪಟ್ಟು. ಪ್ರತಿ ಕಾಗದದ ಮೊದಲಿಗೆ ಯಂತ್ರದಿಂದಲೇ ಒಂದು ಚೌಕ ಗುರುತು ಹಾಕಿಸಬೇಕು, ಯಂತ್ರ ಸರಿಯಾಗಿ ಬರೆಯುತ್ತಿದೆ ಎನ್ನುವುದು ಗೊತ್ತಾದ ಮೇಲೇ ರೋಗಿಯ ಗೆರೆ.

ಯುದ್ಧದ ಮೊದಲ ಚಳಿಗಾಲದಲ್ಲಿ ಆಸ್ಪತ್ರೆಯ ಛಾವಣಿ ಹೋಯಿತು. ರೋಗಿಗಳನ್ನು ದೂರದ ಊರಿಗೆ ಸಾಗಿಸಿದರು. ರೈಸಾ ಮನೆಯಲ್ಲಿ ಕೂತು ಟೊಮೆಟೊ ಉಪ್ಪಿಗೆ ಹಾಕುತ್ತಿದ್ದಾಗ ಅವಳ ಅಕ್ಕ ಲಿಡಾಳ ಮಗ ದೆಮ್ಯಾನ್ ಬಾಗಿಲಲ್ಲಿ ಬಂದು ನಿಂತ. ಮೀನು ಹಿಡಿಯುತ್ತಿದ್ದವನು ಈಗ ಸೇನೆಯ ದೋಣಿಪಡೆ ಸೇರಿದ್ದ. ಲಿಡಾ ಪಾಳಿ ಮೇಲೆ ಕಾರ್ಖಾನೆಗೆ ಹೋಗುತ್ತಿದ್ದುದರಿಂದ ಅವನು ಬೆಳೆದದ್ದೆಲ್ಲ ಈ ಚಿಕ್ಕಮ್ಮನ ಮನೆಯಲ್ಲೇ; ಅವಳನ್ನು ಕರೆಯುತ್ತಿದ್ದುದು ತಿತ್ಕಾ ರಾಯಾ, ಅಂದರೆ ರಾಯಾ ಚಿಕ್ಕಮ್ಮ, ಎಂದು.

"ತಿತ್ಕಾ ರಾಯಾ, ನಮ್ಮ ಕ್ಯಾಪ್ಟನ್‌ಗೆ ಗೆರೆ ಓದೋರು ಬೇಕಂತೆ. ನೀನಿದ್ದೀಯ ಅಂತ ಹೇಳಿಬಿಟ್ಟಿದ್ದೀನಿ."

"ಕ್ಯಾಪ್ಟನ್‌ಗೆ ಎದೆನೋವಾ?"

"ಆಕಾಶಕ್ಕೆ ಎದೆನೋವು. ಬಾ ನೀನು."

ಕಡಲಂಚಿನ ದಿಬ್ಬದ ಮೇಲೆ ಮುಚ್ಚಿಹೋಗಿದ್ದ ಮಕ್ಕಳ ಆರೋಗ್ಯಧಾಮವೊಂದಿತ್ತು. ಅದರ ಊಟದ ಹಾಲಿನಲ್ಲಿ ಎರಡು ಪೆಟ್ಟಿಗೆ, ಎರಡು ಪರದೆ, ಛಾವಣಿಯ ಮೇಲೆ ಅಲೆ ಹಿಡಿಯುವ ಒಂದು ಕೊಂಬು. ಯಾರೆಮಾ ಎಂಬ ಎಂಜಿನಿಯರು ಅವಳನ್ನು ಕೂರಿಸಿಕೊಂಡು ವಿವರಿಸಿದ. ರೇಡಾರ್ ಎಂದರೆ ಕೂಗಿ ಮಾರ್ದನಿ ಕೇಳುವ ಯಂತ್ರ. ಹಳೆಯವು ಒಂದೇ ಶ್ರುತಿಯಲ್ಲಿ ಕೂಗುತ್ತಿದ್ದವು. ಈಗಿನವು ಒಂದು ಕೂಗಿನೊಳಗೇ ಶ್ರುತಿ ಏರಿಸುತ್ತವೆ, ಇಲ್ಲವೇ ಇಳಿಸುತ್ತವೆ. ಇಲ್ಲಿನ ಪೆಟ್ಟಿಗೆ ತಾನು ಕೂಗುವುದಿಲ್ಲ, ಬೇರೆಯವರ ಕೂಗನ್ನು ಕೇಳುತ್ತದೆ ಅಷ್ಟೆ. ಕಿವಿಗೆ ಬುಸ್ ಎನ್ನುವ ಸದ್ದು ಬಿಟ್ಟರೆ ಬೇರೇನೂ ದಕ್ಕುವುದಿಲ್ಲ. ಪರದೆಯ ಮೇಲೆ ಮಾತ್ರ ಅದು ಓರೆ ಗೆರೆಯಾಗಿ ಬೀಳುತ್ತದೆ. ಎಷ್ಟು ಓರೆ, ಎಷ್ಟು ಉದ್ದ, ಯಾವ ಕಡೆಗೆ ಎಂದು ನೋಡಿ ಇದು ಯಾರ ಕೂಗು ಎಂದು ಹೇಳಬೇಕು.

"ಅಂದ್ರೆ ಇದೂ ನಾಡಿ ನೋಡೋ ಕೆಲಸಾನೇ," ಎಂದಳು ರೈಸಾ.

"ಹೌದು. ಆದ್ರೆ ಇಲ್ಲಿ ರೋಗಿ ನಮ್ಮನ್ನ ಕೊಲ್ಲೋಕೆ ಬಂದಿರ್ತಾನೆ," ಎಂದ ಯಾರೆಮಾ.

ಹೆಸರಿಟ್ಟವಳು ಅವಳೇ. ಅಂಗಳದಲ್ಲಿ ಮಕ್ಕಳು ಆಡುತ್ತಿದ್ದ ಜಾರುಬಂಡೆ ಹಾಗೇ ನಿಂತಿತ್ತು, ಒಂದು ಕಡೆ ಏಣಿ, ಇನ್ನೊಂದು ಕಡೆ ಜಾರು. ಶ್ರುತಿ ಏರುವ ಗೆರೆಗೆ ಏಣಿ ಎಂದಳು. ಇಳಿಯುವುದಕ್ಕೆ ಜಾರುಬಂಡೆ. ಏರಿ ಇಳಿದು ಏರುವುದು ಗರಗಸ. ಆ ಕಡಲಿನಲ್ಲಿ ಧಾನ್ಯದ ಹಡಗುಗಳ ರೇಡಾರ್ ಏಣಿ ಬರೆಯುತ್ತಿತ್ತು; ಅದರಿಂದ ಭಯವಿಲ್ಲ. ನೀರಿನ ಮೇಲೆ ದೋಣಿ ಹುಡುಕುವ ಶತ್ರು ವಿಮಾನದ್ದು ಜಾರುಬಂಡೆ. ತಿಂಗಳಾಗುವುದರೊಳಗೆ ಕ್ಯಾಪ್ಟನ್ ಬೊರೊವಿಕ್ ಪರದೆ ನೋಡುವುದನ್ನು ಬಿಟ್ಟು ಅವಳ ಮುಖ ನೋಡಲು ಶುರುಮಾಡಿದ್ದರು.

ಎರಡನೇ ಪೆಟ್ಟಿಗೆಗೆ ಒಂದು ಚಾಳಿಯಿತ್ತು. ಅದು ಹಳೆಯದು, ಒಳಗಿನ ಜೋಡಣೆ ಬೇರೆ. ಅದರ ಪರದೆಯಲ್ಲಿ ಎಲ್ಲವೂ ಕನ್ನಡಿಯೊಳಗಿನ ಅಕ್ಷರದ ಹಾಗೆ ತಿರುಗಾಮುರುಗಾ. ಏಣಿ ಬಂದರೆ ಜಾರುಬಂಡೆಯಂತೆ ಕಾಣುತ್ತಿತ್ತು, ಜಾರುಬಂಡೆ ಏಣಿಯಂತೆ. ಬೇರೆಯವರು ತಡವರಿಸುತ್ತಿದ್ದರು. ರೈಸಾಳಿಗೆ ಅದು ವೈರು ಅದಲುಬದಲಾದ ಕಾಗದದಷ್ಟೇ ಸಲೀಸು. ಗಾಯಕ್ಕೆ ಹಾಕುವ ಪ್ಲಾಸ್ಟರಿನ ತುಂಡೊಂದನ್ನು ಪರದೆಯ ಅಂಚಿಗೆ ಅಂಟಿಸಿ, ಮೇಲೆ ದಪ್ಪಕ್ಷರದಲ್ಲಿ ಬರೆದಿದ್ದಳು: ತಲೆಕೆಳಗು.

ದೆಮ್ಯಾನ್ ಅದನ್ನು ನೋಡಿ ಪ್ರತಿಸಲ ಚುಡಾಯಿಸುತ್ತಿದ್ದ. "ತಿತ್ಕಾ, ಇದನ್ನ ನಿನ್ನ ಹಣೆಗೆ ಅಂಟಿಸ್ಕೋ."

"ನಿನ್ನ ಇಸಿಜಿ ನಾನೇ ತೆಗೆದಿದ್ದು, ಮರೀಬೇಡ. ಹೃದಯಾನೇ ಸಿಗ್ಲಿಲ್ಲ, ಬರೀ ಹೊಟ್ಟೆ."

ಎರಡನೇ ವರ್ಷದ ನವೆಂಬರಿನಲ್ಲಿ ಮೊದಲನೇ ಪೆಟ್ಟಿಗೆ ಕೆಟ್ಟು ರಿಪೇರಿಗೆ ಹೋಯಿತು. ಉಳಿದದ್ದು ಆ ಹಳೆಯದೊಂದೇ. ದಿನವಿಡೀ ತಲೆಕೆಳಗು ಓದಿ ರೈಸಾಳ ಕಣ್ಣು ಕೆಂಪಾಗುವುದನ್ನು ಯಾರೆಮಾ ನೋಡಿದ. ಒಂದು ಸಂಜೆ ಅವಳು ಮನೆಗೆ ಹೋದ ಮೇಲೆ ಪೆಟ್ಟಿಗೆ ಬಿಚ್ಚಿ, ಒಳಗಿನ ಜೋಡಣೆ ತಿರುಗಿಸಿದ. ಈಗ ಏಣಿ ಏಣಿಯಾಗಿಯೇ ಬರುತ್ತಿತ್ತು. ಕೆಲಸದ ದಿನಚರಿ ಪುಸ್ತಕದಲ್ಲಿ "ಎರಡನೇ ಪೆಟ್ಟಿಗೆ ಸರಿಮಾಡಿದೆ, ಇನ್ನು ನೇರ ಓದಬಹುದು" ಎಂದು ಬರೆದಿಟ್ಟ. ಪ್ಲಾಸ್ಟರಿಗೆ ಕೈ ಹಾಕಿದವನು ಹಾಗೇ ಬಿಟ್ಟ. ಅವಳು ಅಂಟಿಸಿದ್ದು, ಅವಳೇ ಖುಷಿಯಿಂದ ಕಿತ್ತುಹಾಕಲಿ ಎಂದುಕೊಂಡ. ಆಮೇಲೆ ದವಡೆ ಹಲ್ಲಿನ ನೋವು ತಡೆಯದೆ ಪಟ್ಟಣಕ್ಕೆ ಹೋದ. ಪುಸ್ತಕ ವಾರದ ಸಹಿಗೆಂದು ಕ್ಯಾಪ್ಟನ್ನರ ಮೇಜು ಸೇರಿತು.

ಮರುದಿನ ಬೆಳಿಗ್ಗೆ ಕಡಲ ಮೇಲೆ ಹಾಲಿನಂಥ ಮಂಜು. ರೈಸಾ ಬಂದು ಟೀ ಲೋಟ ಕೆಳಗಿಟ್ಟಳು. ಕ್ಯಾಪ್ಟನ್ ಮೆಲ್ಲಗೆ, "ದೆಮ್ಯಾನನ ದೋಣಿ ಇನ್ನೂ ವಾಪಸ್ ಬಂದಿಲ್ಲ. ಮೋಟಾರು ಕೈಕೊಟ್ಟಿತ್ತಂತೆ, ಜೊತೆಗೆ ಹೋಗಿದ್ದ ದೋಣಿಯವರು ಬಂದು ಹೇಳಿದರು. ಮೂವರಿದ್ದಾರೆ. ಇನ್ನೂ ಒಂದು ಗಂಟೆಯ ದಾರಿ," ಎಂದರು.

ದೋಣಿಯವರಿಗೆ ರೇಡಿಯೋದಲ್ಲಿ ಮಾತಾಡುವ ಹಾಗಿರಲಿಲ್ಲ. ಮಾತಾಡಿದರೆ ಶತ್ರುವಿಗೆ ಜಾಗ ಗೊತ್ತಾಗುತ್ತಿತ್ತು. ತೀರಾ ಬೇಕಾದರೆ ದಿಬ್ಬದಿಂದ ಒಂದೇ ಮಾತು ಕಳಿಸಬಹುದಿತ್ತು: "ಬೋರ್ಶ್ ಆರಿತು", ಅಂದರೆ ಬೀಟ್‌ರೂಟ್ ಸಾರು ತಣ್ಣಗಾಯಿತು. ಅದನ್ನು ಕೇಳಿದರೆ ಅವರು ಮೋಟಾರು ನಿಲ್ಲಿಸಿ ಮರಳು ದಿಣ್ಣೆಯ ಪಕ್ಕದ ಜೊಂಡಿನೊಳಗೆ ಸೇರಿಕೊಳ್ಳಬೇಕು.

ಏಳೂಕಾಲಿಗೆ ಪರದೆಯ ಮೇಲೆ ಗೆರೆ ಬಿತ್ತು. ಒಂದರ ಹಿಂದೆ ಒಂದು, ಸಾಲಾಗಿ, ಮೇಲಿನಿಂದ ಕೆಳಕ್ಕೆ. ಜಾರುಬಂಡೆ. ಅಂದರೆ ಈ ಪೆಟ್ಟಿಗೆಯಲ್ಲಿ ಏಣಿ.

"ಏನದು?" ಕ್ಯಾಪ್ಟನ್ ಬೆನ್ನ ಹಿಂದೆ ಬಂದು ನಿಂತರು.

ರೈಸಾ ಪರದೆಯ ಹತ್ತಿರಕ್ಕೆ ಬಾಗಿದಳು. ಗೆರೆ ಧಾನ್ಯದ ಹಡಗಿನದಕ್ಕಿಂತ ಒಂದು ಕೂದಲೆಳೆ ಉದ್ದವಿದ್ದಂತೆ ಅನ್ನಿಸಿತು. ಈ ಮಂಜಿನಲ್ಲಿ ಹಡಗು ಹೊರಡುತ್ತದೆಯೇ ಎಂದೂ ಅನ್ನಿಸಿತು. ಕಣ್ಣು ಪ್ಲಾಸ್ಟರಿನ ಮೇಲೆ ಹೋಯಿತು. ಅವಳದೇ ಅಕ್ಷರ. ತಪ್ಪಾಗಿ ಸುದ್ದಿ ಕಳಿಸಿದರೆ ಅದು ಶತ್ರುವಿಗೂ ಕೇಳುತ್ತದೆ, ಹುಡುಗರು ಹತ್ತಿರದಲ್ಲೇ ಇದ್ದಾರೆ ಎಂದು ತಾನೇ ತೋರಿಸಿಕೊಟ್ಟಂತೆ. ಏಣಿಯೇ ಆಗಿರಲಿ ಎಂದು ಅವಳ ಮನಸ್ಸು ಬೇಡಿಕೊಳ್ಳುತ್ತಿತ್ತು.

"ರೈಸಾ ಮಿಕಿತಿವ್ನಾ, ಕಳಿಸ್ಲಾ ಬೇಡ್ವಾ?"

"ಬೇಡ. ಏಣಿ. ಧಾನ್ಯದ ಹಡಗು."

ಕ್ಯಾಪ್ಟನ್ ಮೈಕು ಕೆಳಗಿಟ್ಟರು.

ಎಂಟಕ್ಕೆ ಇನ್ನೂ ಹತ್ತು ನಿಮಿಷವಿತ್ತು. ಕಡಲ ಕಡೆಯಿಂದ ಎರಡು ಸಲ ಧಡ್ ಎಂದಿತು. ಕಿಟಕಿಯ ಗಾಜು ನಡುಗಿ, ಟೀಯ ಮೇಲೆ ಉಂಗುರ ಎದ್ದವು. ಗೆರೆಗಳು ಇನ್ನೂ ಸ್ವಲ್ಪ ಹೊತ್ತು ಬಿದ್ದು, ನಿಂತವು.

ಒಂಬತ್ತಕ್ಕೆ ಯಾರೆಮಾ ಬಂದ. ಕೆನ್ನೆ ಊದಿತ್ತು, ಬಾಯಲ್ಲಿ ಹತ್ತಿ. ಏನೂ ತಿಳಿಯದವನು ನಗಲು ಹೋಗಿ ನೋವಿಗೆ ಮುಖ ಕಿವುಚಿದ.

"ಹೇಗಿದೆ ತಿತ್ಕಾ, ಪೆಟ್ಟಿಗೆ? ಇನ್ಮೇಲೆ ತಲೆಕೆಳಗು ಓದೋ ಕಷ್ಟ ಇಲ್ಲ, ಅಲ್ವಾ?"

ರೈಸಾ ಅವನ ಮುಖ ನೋಡಿದಳು. ಆಮೇಲೆ ಪರದೆ ನೋಡಿದಳು. ಉಗುರಿನಿಂದ ಪ್ಲಾಸ್ಟರಿನ ತುದಿ ಎಬ್ಬಿಸಲು ನೋಡಿದಳು. ಅದು ಗಟ್ಟಿಯಾಗಿ ಅಂಟಿತ್ತು, ತುಂಡು ತುಂಡಾಗಿ ಬಂತು.

ಇಬ್ಬರ ಹೆಣ ನಾಲ್ಕನೇ ದಿನ ದಡಕ್ಕೆ ಬಂದವು. ದೆಮ್ಯಾನನದು ಬರಲಿಲ್ಲ.

ವಿಚಾರಣೆಗೆ ಬಂದವರು ಬರೆದುಕೊಂಡು ಹೋದರು. ಪುಸ್ತಕ ಮೇಜಿನ ಮೇಲಿದ್ದದ್ದು ತನ್ನ ತಪ್ಪು ಎಂದರು ಕ್ಯಾಪ್ಟನ್. ಪ್ಲಾಸ್ಟರ್ ಬಿಟ್ಟದ್ದು ತನ್ನದು ಎಂದ ಯಾರೆಮಾ. ಅವನು ಆಮೇಲೆ ತಾನೇ ಕೇಳಿಕೊಂಡು ಮುಂಚೂಣಿಗೆ ಹೋದ. ರೈಸಾ ಹೇಳಿದ್ದು ಒಂದೇ ಮಾತು: "ಓದಿದ್ದು ನಾನು."

ಲಿಡಾ ಸತ್ತವನ ಹೆಸರಿನ ಒಂಬತ್ತನೇ ದಿನದ ಊಟ ಮುಗಿಸಿ ದಿಬ್ಬಕ್ಕೆ ಬಂದಳು. ಮಗನ ಉಣ್ಣೆಕೋಟನ್ನೇ ಹಾಕಿಕೊಂಡಿದ್ದಳು. ತೋಳು ಉದ್ದವಾಗಿ ಬೆರಳು ಕಾಣುತ್ತಿರಲಿಲ್ಲ.

"ಏನು ಕಂಡಿತು ಅಂತ ತೋರಿಸು ರಾಯಾ."

"ಬೇಡ ಅಕ್ಕಾ."

"ತೋರಿಸು ಅಂದೆ."

ರೈಸಾ ಹಿಟ್ಟಿನ ಪೊಟ್ಟಣದ ಕಾಗದದ ಮೇಲೆ ಪೆನ್ಸಿಲಿನಿಂದ ಎರಡು ಗೆರೆ ಎಳೆದಳು. ಒಂದು ಏರುವುದು, ಒಂದು ಇಳಿಯುವುದು. ಇದು ಹಡಗು, ಇದು ವಿಮಾನ, ನಾನು ಇದನ್ನ ಅದು ಅಂದೆ ಎಂದಳು.

ಲಿಡಾ ಕಾಗದವನ್ನು ಕೈಯಲ್ಲಿ ಹಿಡಿದು ಒಮ್ಮೆ ನೇರ ನೋಡಿದಳು, ತಿರುಗಿಸಿ ನೋಡಿದಳು, ಹಿಂಬದಿಯಿಂದ ಬೆಳಕಿಗೆ ಹಿಡಿದಳು. ಹಿಂದಿನಿಂದ ನೋಡಿದರೆ ಏರುವುದು ಇಳಿಯುವಂತೆ ಕಾಣುತ್ತಿತ್ತು.

"ಇಷ್ಟೇನಾ?" ಎಂದಳು.

"ಇಷ್ಟೇ."

ಲಿಡಾ ಕಾಗದ ಮಡಚಿ ಕೋಟಿನ ಜೇಬಿಗೆ ಹಾಕಿಕೊಂಡು ದಿಬ್ಬ ಇಳಿದಳು. ಮತ್ತೆ ತಂಗಿಯ ಮನೆಯ ಬಾಗಿಲು ತುಳಿಯಲಿಲ್ಲ, ಫೋನ್ ಎತ್ತಲೂ ಇಲ್ಲ.

ರೈಸಾ ಕೆಲಸ ಬಿಡಲಿಲ್ಲ. ಬಿಟ್ಟಿದ್ದರೆ ಆ ಕುರ್ಚಿಯಲ್ಲಿ ಕೂರಲು ಬೇರೆ ಯಾರಿದ್ದರು. ಈಗ ಬೆಳಿಗ್ಗೆ ಬಂದವಳು ಟೀ ಮುಟ್ಟುವ ಮೊದಲು ಕೊಂಬನ್ನು ಬಂದರಿನ ಕಡೆ ತಿರುಗಿಸುತ್ತಾಳೆ. ಅಲ್ಲಿನ ನಮ್ಮದೇ ರೇಡಾರ್ ಯಾವತ್ತೂ ಏಣಿಯನ್ನೇ ಬರೆಯುವುದು. ಆ ಏಣಿ ಪರದೆಯ ಮೇಲೆ ಏಣಿಯಾಗಿ ಬಿದ್ದರೆ ಮಾತ್ರ ಕೊಂಬು ಕಡಲಿಗೆ ತಿರುಗುತ್ತದೆ. ಹೊಸಬರು ಅವಸರ ಮಾಡಿದರೆ, "ಮೊದಲು ಗುರುತು, ಆಮೇಲೆ ರೋಗಿ," ಎನ್ನುತ್ತಾಳೆ. ಆಸ್ಪತ್ರೆಯಲ್ಲಿ ಇಪ್ಪತ್ತಾರು ವರ್ಷ ಒಂದು ದಿನವೂ ತಪ್ಪಿಸದಿದ್ದ ಆ ಗುರುತನ್ನು ಇಲ್ಲಿ ಅಷ್ಟು ದಿನ ಯಾಕೆ ಹಾಕಿಸಲಿಲ್ಲ ಎಂದು ಅವಳನ್ನು ಯಾರೂ ಕೇಳಿಲ್ಲ. ಅವಳು ಮಾತ್ರ ದಿನವೂ, ಆ ಗೆರೆ ಬೀಳುವವರೆಗೆ, ಅದನ್ನೇ ಕೇಳಿಕೊಳ್ಳುತ್ತಾ ಕೂತಿರುತ್ತಾಳೆ.