ಸೈಲೆನ್ಸರ್ ಕೊಟ್ಟ ಹೂಪ್ರಸಾದ

ಎಲ್ಲರಿಗೂ ನಮಸ್ಕಾರ. ಇವತ್ತು ಸಂಕಷ್ಟಿ, ಉಪವಾಸ. ಬಾಗಿಲು ಸಾರಿಸಿ, ರಂಗೋಲಿ ಹಾಕಿ, ಫರೀದಾಬಾದಿನ ನಮ್ಮ ನರ್ಸರಿ ಗಿಡಗಳಿಗೆ ನೀರು ಬಿಡುವಷ್ಟರಲ್ಲಿ ಮೆಕ್ಯಾನಿಕ್ ಭಯ್ಯಾ ಹಳೇ ಪುಟ್ಟ ಟ್ರ್ಯಾಕ್ಟರಿಗೆ ಹೊಸ ಇಂಜಿನ್ ಕೂರಿಸಿ ಮುಗಿಸಿದ್ದ. "ಇವತ್ತೂ ಓಡದಿದ್ದರೆ ಗುಜರಿಗೆ ಹಾಕೋದೇ" ಅಂತ ನಮ್ಮ ಯಜಮಾನರು ಮೊದಲೇ ಹೇಳಿಬಿಟ್ಟಿದ್ದರು. ನಾನು ಗಣಪನನ್ನು ನೆನೆದು, ಇಂಜಿನ್‌ಗೆ ಕುಂಕುಮ ಇಟ್ಟು, ದಪ್ಪ ಚೆಂಡುಹೂವೊಂದನ್ನು ಸೈಲೆನ್ಸರ್ ಬಾಯಿಗೆ ಸಿಕ್ಕಿಸಿದೆ. ಬೇರೆಲ್ಲೂ ಹೂ ನಿಲ್ಲಲಿಲ್ಲ, ಏನು ಮಾಡಲಿ!

ಭಯ್ಯಾ ಕೀ ತಿರುಗಿಸಿದ. ಕೆಮ್ಮಿ ನಿಂತಿತು. ಇನ್ನೊಂದು ಸಲವೂ ಅಷ್ಟೇ. "ನಾನು ಹೇಳಿರಲಿಲ್ವಾ?" ಅಂದರು ಇವರು. ಮೂರನೇ ಸಲಕ್ಕೆ ಢಬ್ ಅಂತ ಹೂ ಹಾರಿತು, ಇಂಜಿನ್ ಗುಡುಗುಡು ಅಂತ ಶುರುವಾಯಿತು! ನನಗೆ ಕುಣಿಯುವುದೊಂದು ಬಾಕಿ. "ಹೂ ಬಲಗಡೆ ಬಿತ್ತು, ದೇವರ ಅಪ್ಪಣೆ ಆಯ್ತು! ಇನ್ನು ಗುಜರಿ ಮಾತೆತ್ತಬೇಡಿ" ಅಂದೆ. ಎದುರಿಗೆ ನಿಂತಿದ್ದ ಇವರು, "ಎಡಗಡೆ ಕಣೇ" ಅಂದರು! ಭಯ್ಯಾ ಕೈಮುಗಿದು, "ಆಂಟೀಜಿ, ಇನ್ನು ಮೇಲೆ ಹೂ ಸೀಟಿನ ಮೇಲಿಡಿ" ಅಂದ.

ಊರಲ್ಲಿರುವವರು ಯಾರಾದರೂ ದೇವಸ್ಥಾನದ ಭಟ್ಟರನ್ನು ಕೇಳಿ, ಬಲಗಡೆ ಅಂದರೆ ನನ್ನ ಬಲವೋ ಟ್ರ್ಯಾಕ್ಟರಿನ ಬಲವೋ, ಉತ್ತರ ತಂದು ಇಲ್ಲಿ ಹಾಕಿ. ಇವರ ಬಲವಂತೂ ಲೆಕ್ಕಕ್ಕಿಲ್ಲ.