ನಿಮ್ಮ ಗಂಟೆ ಮೂರಕ್ಕೆ

ಬೊರ್ಬಾಲಾಳ ಅಡುಗೆಮನೆಯ ಗಡಿಯಾರ ಒಂದು ದಿನವೂ ಸರ್ಕಾರದ ಮಾತು ಕೇಳಿದ್ದಿಲ್ಲ. ಎರಡನೇ ಮಹಾಯುದ್ಧ ಮುಗಿದ ಮೇಲೆ ಯಾರೋ ಪುಣ್ಯಾತ್ಮರು ಹಂಗೇರಿಯನ್ ಆಡುವ ಊರಿನ ನಡುಬೀದಿಯಲ್ಲೇ ಗಡಿ ಎಂದು ಮುಳ್ಳುತಂತಿ ಎಳೆದರು. ಅವಳಿದ್ದ ಚಿಕ್ಕೂರು ಈಚೆಯ ದೇಶಕ್ಕೆ ಬಿತ್ತು, ಅಕ್ಕ ರೊಜಾಲಿಯನ್ನು ಮದುವೆ ಮಾಡಿಕೊಟ್ಟಿದ್ದ ದೊಡ್ಡೂರು ಆಚೆಯ ದೇಶಕ್ಕೆ. ಈಚೆಯವರ ಮೇಲೆ ಮೊದಲು ಮಾಸ್ಕೋದ ಗಂಟೆ ಹೇರಿದರು, ಆಮೇಲೆ ಕೀವ್‌ನದು. ಕಚೇರಿಯವರು ಬೇಕಾದರೆ ಅದನ್ನು ಕಟ್ಟಿಕೊಂಡು ಸಾಯಲಿ ಎಂದು ಚಿಕ್ಕೂರಿನವರು ಆಚೆಯ ಚರ್ಚಿನ ಮಧ್ಯಾಹ್ನದ ಗಂಟೆ ಕೇಳಿಯೇ ಗಡಿಯಾರ ತಿರುಗಿಸಿದರು. ಅದಕ್ಕೆ 'ನಮ್ಮ ಗಂಟೆ' ಎಂದೇ ಹೆಸರು. ತಂತಿಯಾಚೆ ಕೂಗಿ ಮಾತಾಡಿದರೆ ಸೈನಿಕರು ದಂಡ ಹಾಕುತ್ತಿದ್ದರು. ಆದರೂ ಅಕ್ಕತಂಗಿ ಒಂದೇ ಹೊತ್ತಿಗೆ ಊಟಕ್ಕೆ ಕೂರುತ್ತಿದ್ದರು.

ಗಡಿಯಲ್ಲಿ ಗೇಟು ತೆರೆದದ್ದು ಇಬ್ಬರ ಹಲ್ಲೂ ಬಿದ್ದ ಮೇಲೆ. ಅದಕ್ಕೂ ವೀಸಾ ಬೇಕು! ಒಮ್ಮೆ ಸಿಕ್ಕಾಗ ರೊಜಾಲಿ ಹೇಳಿದ್ದಳು: "ನಾನು ಮುಂಚೆ ಹೋದ್ರೆ ನನ್ನ ತಲೆವಸ್ತ್ರ ನೀನೇ ಕಟ್ಬೇಕು ಕಣೇ. ಸೊಸೆ ಕೈಗೆ ಬಿಟ್ರೆ ಎಲೆಕೋಸು ಮೂಟೆ ಕಟ್ದಂಗೆ ಕಟ್ತಾಳೆ."

ರೊಜಾಲಿಯೇ ಮುಂಚೆ ಹೋದಳು. ಮಗ ಬೆನೆಡೆಕ್ ಫೋನ್ ಮಾಡಿದ. "ಚಿಕ್ಕಮ್ಮಾ, ನಾಡಿದ್ದು ಮಣ್ಣು. ನಿಮ್ಮ ಗಂಟೆ ಮೂರಕ್ಕೆ."

ಪಟ್ಟಣದಿಂದ ವೀಸಾ ಕೈಗೆ ಬಂದದ್ದು ಮಣ್ಣಿನ ದಿನವೇ. ಅಡುಗೆಮನೆಯ ಗಡಿಯಾರ ನೋಡಿ, ಮೂರಕ್ಕೆ ಇನ್ನೂ ಹೊತ್ತಿದೆ ಎಂದುಕೊಂಡು ಬೊರ್ಬಾಲಾ ಅಕ್ಕನಿಗೆಂದು ಎತ್ತಿಟ್ಟಿದ್ದ ಕರಿ ರೇಷ್ಮೆ ತಲೆವಸ್ತ್ರ ಹಿಡಿದು ಗೇಟಿನ ಸಾಲಿನಲ್ಲಿ ನಿಂತಳು. ಪೊಲೀಸಿನವನು ಪಾಸ್‌ಪೋರ್ಟನ್ನು ತಿರುವಿ ತಿರುವಿ ನೋಡುತ್ತಿದ್ದಾಗ ಚರ್ಚಿನ ಗಂಟೆ ಬಾರಿಸಿತು. ಇದು ಜನರನ್ನು ಕರೆಯುವ ಮೊದಲ ಗಂಟೆ ಎಂದು ಸಮಾಧಾನ ಮಾಡಿಕೊಂಡಳು.

ಸ್ಮಶಾನ ಮುಟ್ಟುವಾಗ ಗಂಡಸರು ಗುಂಡಿಗೆ ಮಣ್ಣೆಳೆಯುತ್ತಿದ್ದರು.

"ಇಷ್ಟು ಲೇಟಾ ಚಿಕ್ಕಮ್ಮಾ? ಫೋನ್ ಮಾಡಿದ್ರೆ ಎತ್ಲಿಲ್ಲ. ವೀಸಾ ಸಿಗ್ಲಿಲ್ವೇನೋ ಅಂದ್ಕೊಂಡ್ವಿ," ಎಂದ ಬೆನೆಡೆಕ್.

"ಇನ್ನೂ ಮೂರಾಗಿಲ್ವಲ್ಲೋ ಪಾಪಿ!"

"ಇಲ್ಲಿ ಎರಡಕ್ಕೇ ಇದ್ದಿದ್ದು. ನೀವು ಉಕ್ರೇನಿನವರಲ್ವಾ, ಒಂದು ಗಂಟೆ ಮುಂದೆ. ನಿಮಗೆ ಗೊಂದಲ ಆಗ್ಬಾರ್ದು ಅಂತ ನಾನೇ ಸೇರಿಸಿ ಹೇಳ್ದೆ."

ಅವನಲ್ಲಿ ಕಪಟವಿರಲಿಲ್ಲ. ಅದೇ ಅವಳ ಹೊಟ್ಟೆ ಉರಿಸಿತು. ಬೈಯುವುದಕ್ಕಾದರೂ ಒಂದು ಕೆಟ್ಟತನ ಬೇಡವೇ?

"ನಮ್ದು ಬೇರೆ ಗಂಟೆ ಅಂತ ಯಾರು ಹೇಳಿದ್ದೋ ನಿಂಗೆ? ನಿಮ್ಮಮ್ಮ ಹೇಳಿದ್ಲಾ?"

ಬೆನೆಡೆಕ್‌ಗೆ ಪ್ರಶ್ನೆಯೇ ಅರ್ಥವಾಗಲಿಲ್ಲ. ಮೆಲ್ಲಗೆ ಅವಳ ತೋಳು ಹಿಡಿದ. "ಪಾದ್ರಿಗೆ ಅರ್ಜೆಂಟಿತ್ತು. ನಮ್ಮ ಕಡೆ ಎಲ್ಲಾ ಟೈಮಿಗೆ ಸರಿಯಾಗಿ ನಡೀಬೇಕು ಚಿಕ್ಕಮ್ಮಾ. ಬನ್ನಿ, ಊಟಕ್ಕೆ ಕೂತಿದ್ದಾರೆ."

ಬೊರ್ಬಾಲಾ ತೋಳು ಬಿಡಿಸಿಕೊಂಡಳು.

"ಬೇಡಪ್ಪ. ಪರದೇಶದವರ ಮನೇಲಿ ನಂಗೆ ಊಟ ಇಳಿಯಲ್ಲ."