ಮೊದಲು ಬಿದ್ದ ಹೂವು

ಆ ದಿನ ಮೊದಲು ಬಿದ್ದದ್ದು ಎಡಗಡೆಯ ಹೂವು. ಅದನ್ನು ನಾನು ನೆಲದಿಂದ ಎತ್ತಿ, ತಂಬಿಗೆಯ ನೀರಿನಲ್ಲಿ ಅದ್ದಿ, ಮತ್ತೆ ದೇವಿಯ ಎಡಭುಜಕ್ಕೆ ಅಂಟಿಸಿದೆ. ನನ್ನ ಹೆಂಡತಿ ಮಾದೇವಿ ಪಕ್ಕದಲ್ಲೇ ಕಣ್ಣು ಮುಚ್ಚಿ ಕೂತಿದ್ದಳು. ಅವಳು ನೋಡಲಿಲ್ಲ. ಗುಡಿಯ ಪೂಜೆ ಮಾಡುತ್ತಿದ್ದ ಅವಳ ಸೋದರಮಾವ ಧೂಪಕ್ಕೆ ಕೆಂಡ ತರಲು ಹೊರಗೆ ಹೋಗಿದ್ದರು. ಅವರೂ ನೋಡಲಿಲ್ಲ. ನೋಡಿದವನು ನಾನೊಬ್ಬನೇ — ಮಾಡಿದವನೂ ನಾನೇ.

ನಾನು ಗುಂಡ್ಲುಪೇಟೆ ತಾಲ್ಲೂಕಿನಲ್ಲಿ ಸರ್ವೇಯರ್ ಆಗಿದ್ದವನು. ಸರಪಳಿ ಹಿಡಿದು ಹೊಲಗಳನ್ನು ಅಳೆದು ನಕ್ಷೆ ಬರೆದವನು. ಎಡ ಬಲ ನನಗೆ ಗೊಂದಲವಾಗುವುದಿಲ್ಲ. ರಾತ್ರೋರಾತ್ರಿ ಗಡಿಕಲ್ಲು ಕಿತ್ತು ಬೇರೆ ಕಡೆ ನೆಟ್ಟವರ ಮೇಲೆ ನಾನೇ ವರದಿ ಬರೆದಿದ್ದೇನೆ. ಆದ್ದರಿಂದ ಕೈತಪ್ಪಿ ಆಯಿತು, ಗಡಿಬಿಡಿಯಲ್ಲಿ ಆಯಿತು ಎಂದು ಹೇಳಿಕೊಳ್ಳುವ ದಾರಿ ನನಗಿಲ್ಲ. ಕಂಡದ್ದನ್ನು ಕಂಡ ಹಾಗೆ ಬರೆಯುತ್ತೇನೆ.

ತೊಂಬತ್ತರ ದಶಕದ ಮೊದಲ ವರ್ಷಗಳು. ಊಟಿ ರಸ್ತೆಯಲ್ಲಿ ಜೋಸ್ ಎಂಬ ಮಲಯಾಳಿ ಮೇಸ್ತ್ರಿಯ ಗ್ಯಾರೇಜಿತ್ತು. ನನ್ನ ಸ್ಕೂಟರಿನ ಕ್ಲಚ್ ವೈರು ಹಾಕಿಸಲು ಹೋದವನು ಗ್ಯಾರೇಜಿನ ಹಿಂದೆ ಆ ಕಾರನ್ನು ಕಂಡೆ. ಎರಡೇ ಸೀಟು, ಉದ್ದನೆಯ ಮೂಗು, ತಲೆಯ ಮೇಲೆ ತಗಡಿಲ್ಲ. ಹಿಂದಕ್ಕೆ ಮಡಚುವ ಕ್ಯಾನ್ವಾಸ್ ಹೊದಿಕೆ ಇದ್ದಿರಬೇಕು, ಅದರ ಕಂಬಿಗಳಷ್ಟೇ ಉಳಿದಿದ್ದವು. ಕೆಂಪು ಬಣ್ಣ ಮಾಸಿ ಇಟ್ಟಿಗೆಯಂತಾಗಿತ್ತು. ಸೀಟಿನ ಮೇಲೆ ಒಂದು ಕೋಳಿ ಕಾವು ಕೂತಿತ್ತು. ಬೆಟ್ಟದ ಮೇಲಿನ ಎಸ್ಟೇಟಿನ ಮ್ಯಾನೇಜರೊಬ್ಬರು ರಿಪೇರಿಗೆ ಬಿಟ್ಟು, ಕೆಲಸ ಬಿಟ್ಟು ಹೋಗುವಾಗ ಓಡಿಸುವವರು ಸಿಕ್ಕರೆ ಕೊಟ್ಟುಬಿಡು ಎಂದಿದ್ದರಂತೆ. ಹಳೆಯ ಸ್ಪೋರ್ಟ್ಸ್ ಕಾರು, ಒಂದು ಕಾಲಕ್ಕೆ ರೇಸಿನಲ್ಲಿ ಓಡಿದ್ದು, ಎಂದು ಜೋಸ್ ಹೇಳಿದ. ನಾನು ಸ್ಟೀರಿಂಗಿನ ಮೇಲೆ ಕೈ ಇಟ್ಟೆ. ಮನೆಯಲ್ಲಿ ಒಂದು ಮಾತು ಕೇಳಿ ಬರುತ್ತೇನೆ ಎನ್ನಲಿಲ್ಲ. ಮೂರನೆಯ ದಿನ ಟ್ರ್ಯಾಕ್ಟರಿಗೆ ಹಗ್ಗ ಕಟ್ಟಿ ಅದನ್ನು ನಮ್ಮ ಬೀದಿಗೆ ಎಳೆಸಿಕೊಂಡು ಬಂದೆ.

ಮಾದೇವಿ ಬಾಗಿಲಲ್ಲಿ ನಿಂತು ನೋಡಿದಳು. "ಇದ್ಕೂ ಒಂದ್ ತಾಳಿ ಕಟ್ಬುಡಿ, ಆರ್ತಿ ಎತ್ತಿ ಒಳೀಕೆ ಕರ್ಕತೀನಿ" ಎಂದಳು. ಎಳೆದು ತಂದವರೆಲ್ಲ ನಕ್ಕರು. ನಾನೂ ನಕ್ಕೆ. ಅವಳು ನಗಲಿಲ್ಲ.

ಯಾಕೆಂದರೆ ಕಾರು ನಿಲ್ಲಬಹುದಾದ ಜಾಗ ನಮ್ಮ ಮನೆಯಲ್ಲಿ ಒಂದೇ — ಬೀದಿ ಬದಿಯ ಕೋಣೆ. ನನ್ನ ತಂದೆ ಅರಿಸಿನದ ವ್ಯಾಪಾರ ಮಾಡುತ್ತಿದ್ದಾಗ ಮೂಟೆ ಇಳಿಸಲೆಂದು ಅದಕ್ಕೆ ಅಗಲವಾದ ಬಾಗಿಲು ಇಡಿಸಿದ್ದರು. ಆ ಕೋಣೆಯ ಮೇಲೆ ಮಾದೇವಿ ಎರಡು ವರ್ಷದಿಂದ ಆಸೆ ಇಟ್ಟಿದ್ದಳು. ಮದುವೆಗೆ ಮೊದಲು ಅವಳು ಮೈಸೂರಿನಲ್ಲಿ ಹೊಲಿಗೆ ಕಲಿತು ಬಂದವಳು. ಬೀದಿಯ ಹೆಣ್ಣುಮಕ್ಕಳು ರವಿಕೆ ಹೊಲಿಸಲು ಬಂದು, ನಮಗೂ ಕಲಿಸಿಕೊಡಿ ಅಕ್ಕಾ ಎಂದು ಕೇಳುತ್ತಿದ್ದರು. ಕಾರು ಬರುವ ಹಿಂದಿನ ತಿಂಗಳಷ್ಟೇ ಅವಳು ಕೋಣೆಯನ್ನು ತನ್ನ ಟೇಪಿನಲ್ಲಿ ಅಳೆದು, ಬಟ್ಟೆಗೆ ಗುರುತು ಹಾಕುವ ಸೀಮೆಸುಣ್ಣದಲ್ಲಿ ನೆಲದ ಮೇಲೆ ಆರು ಚೌಕ ಬರೆದಿದ್ದಳು. ಒಂದೊಂದೂ ಒಂದೊಂದು ಮಷೀನಿನ ಜಾಗ. ನಾನು ಆಫೀಸಿನಿಂದ ಬಂದು ನೋಡಿ ಮೆಚ್ಚಿದ್ದೆ. ಬಾಗಿಲಿಗೆ ಅಡ್ಡವಾಗದಂತೆ, ಕಿಟಕಿಯ ಬೆಳಕು ಎಡಗಡೆಯಿಂದ ಬೀಳುವಂತೆ — ನಮ್ಮ ಆಫೀಸಿನಲ್ಲೂ ಅಷ್ಟು ಚೆನ್ನಾಗಿ ನಕ್ಷೆ ಬರೆಯುವವರು ಕಡಿಮೆ.

ಆ ಚೌಕಗಳ ಮೇಲೆಯೇ ಕಾರನ್ನು ತಳ್ಳಿ ನಿಲ್ಲಿಸಿದೆವು.

ಅವಳು ಜಗಳವಾಡಲಿಲ್ಲ, ಊಟ ಬಿಡಲಿಲ್ಲ. ದಿನಕ್ಕೊಂದು ಸಲ ಮಾತ್ರ ಕೇಳುತ್ತಿದ್ದಳು: ಅದು ಯಾವಾಗ ಹೋಗುತ್ತದೆ? ನಾನು ದಿನಕ್ಕೊಂದು ಉತ್ತರ ಹೇಳುತ್ತಿದ್ದೆ. ಇಂಜಿನ್ ಸದ್ದು ಮಾಡಲಿ, ಒಂದು ಸಲ ಬೀದಿಗೆ ಇಳಿಯಲಿ, ಆಮೇಲೆ ನೋಡೋಣ... ಒಂದು ತಿಂಗಳಾದ ಮೇಲೆ ಅವಳೇ ಹೇಳಿದಳು: "ನಂದೂ ಬ್ಯಾಡ, ನಿಮ್ದೂ ಬ್ಯಾಡ. ಅವ್ವನ್ನ ಕೇಳನ. ಬಲಗಡೆ ಕೊಟ್ರೆ ನಿಮ್ ಕಾರಿರ್ಲಿ. ಎಡಗಡೆ ಕೊಟ್ರೆ ನನ್ ಮಷೀನ್ ಬರ್ಲಿ."

ಅವಳ ತವರು ತೆರಕಣಾಂಬಿಯ ಹತ್ತಿರದ ಹಳ್ಳಿ. ಅಲ್ಲಿನ ಮಾರಮ್ಮನ ಗುಡಿಯಲ್ಲಿ ಹೂ ಕೇಳುವುದು ಹಿಂದಿನಿಂದ ಬಂದ ಪದ್ಧತಿ. ದೇವಿಯ ಎರಡೂ ಭುಜಕ್ಕೆ ಕಣಗಿಲೆ ಹೂವನ್ನು ಒದ್ದೆ ಮಾಡಿ ಅಂಟಿಸುತ್ತಾರೆ. ಕೇಳುವವರು ಮನಸ್ಸಿನಲ್ಲೇ ಕೇಳಿಕೊಂಡು ಕೂರುತ್ತಾರೆ. ಬಲಭುಜದ ಹೂವು ಮೊದಲು ಬಿದ್ದರೆ ಆಗಲಿ ಎಂದು, ಎಡಭುಜದ್ದು ಬಿದ್ದರೆ ಬೇಡ ಎಂದು. ಮದುವೆ, ಮನೆ ಪಾಯ, ದನ ಕೊಳ್ಳುವುದು — ಎಲ್ಲಕ್ಕೂ ಅಲ್ಲಿ ಹೂ ಕೇಳುತ್ತಿದ್ದರು. ನನ್ನನ್ನು ಒಪ್ಪುವಾಗಲೂ ಅವಳ ಮನೆಯವರು ಕೇಳಿದ್ದರಂತೆ.

ನಾವು ಬಸ್ಸಿನಲ್ಲಿ ಹೋದೆವು. ಬೆಳಗಿನ ಹತ್ತು ಗಂಟೆ ಇರಬಹುದು. ಸಣ್ಣ ಗುಡಿ, ಹೊಸ್ತಿಲಲ್ಲಿ ಕೂತರೆ ದೇವಿ ಕೈಗೆ ಎಟುಕುವಷ್ಟು ಹತ್ತಿರ. ಮಾವ ಹೂವು ಅಂಟಿಸಿ ಕೆಂಡ ತರಲು ಎದ್ದರು. ಮಾದೇವಿ ಕಣ್ಣು ಮುಚ್ಚಿ ಕೈಮುಗಿದಿದ್ದಳು, ತುಟಿ ಅಲುಗುತ್ತಿತ್ತು. ನಾನು ಕಣ್ಣು ಮುಚ್ಚಿರಲಿಲ್ಲ. ಎಡಗಡೆಯ ಹೂವು ಮೊದಲು ಸ್ವಲ್ಪ ಬಾಗಿತು. ಆಮೇಲೆ ಬಿತ್ತು. ಸದ್ದಾಗಲಿಲ್ಲ.

ನಾನು ಯೋಚಿಸಲಿಲ್ಲ ಎಂದು ಬರೆಯಬೇಕೆನಿಸುತ್ತದೆ. ಯೋಚಿಸಿದೆ. ಬಾಗಿಲ ಕಡೆ ನೋಡಿದೆ, ಅವಳ ಕಣ್ಣು ನೋಡಿದೆ, ಆಮೇಲೆ ಕೈ ಚಾಚಿದೆ. ಇಷ್ಟಕ್ಕೂ ಸಮಯವಿತ್ತು. ಹೂವು ಮತ್ತೆ ಬೀಳದ ಹಾಗೆ ಬೆರಳಿನಿಂದ ಒತ್ತಿ ಹಿಡಿದು, ಮಾವನ ಹೆಜ್ಜೆ ಕೇಳಿಸಿದಾಗ ಕೈ ತೆಗೆದೆ. ಮಾವ ಒಳಗೆ ಬಂದು ಧೂಪ ಹಾಕಿದರು. ಸ್ವಲ್ಪ ಹೊತ್ತಿಗೆ ಬಲಗಡೆಯ ಹೂವು ತಾನಾಗಿ ಬಿತ್ತು. "ಬಲಕ್ಕೆ ಕೊಟ್ಟವ್ಳೆ ಕಣವ್ವ, ಕಣ್ ಬುಡು" ಎಂದರು ಮಾವ.

ಮಾದೇವಿ ಕಣ್ಣು ಬಿಟ್ಟಳು. ಆಮೇಲೆ ಆ ಹೂವನ್ನು ಕಣ್ಣಿಗೊತ್ತಿ ಮುಡಿದುಕೊಂಡಳು. "ಆಯ್ತು ಬುಡಿ, ಅವ್ವನೇ ಯೋಳುದ್ಮೇಲೆ" ಎಂದಳು. ಅಷ್ಟೇ. ವಾಪಸ್ಸು ಬರುವಾಗ ಬಸ್ಸಿನಲ್ಲಿ ಕಿಟಕಿಯಾಚೆ ನೋಡುತ್ತ ಕೂತಿದ್ದವಳು ಗುಂಡ್ಲುಪೇಟೆ ಬಂದಾಗ ಕೇಳಿದಳು — ಕಾರಿನ ಮೇಲ್ಹೊದಿಕೆಗೆ ಎಷ್ಟು ಗಜ ಬಟ್ಟೆ ಬೇಕು?

ಅವಳ ಸ್ವಭಾವವೇ ಹಾಗೆ. ಒಪ್ಪಿಕೊಂಡರೆ ಅರ್ಧಂಬರ್ಧ ಒಪ್ಪಿಕೊಳ್ಳುವವಳಲ್ಲ. ಅಡುಗೆಮನೆಯ ಮೂಲೆಯಲ್ಲಿದ್ದ ತನ್ನ ಒಂದೇ ಮಷೀನಿನಲ್ಲಿ ದಪ್ಪ ಕ್ಯಾನ್ವಾಸ್ ಹೊಲಿದು ಹೊದಿಕೆ ಮಾಡಿದಳು. ಸೂಜಿಯ ಮೇಲೆ ಸೂಜಿ ಮುರಿಯಿತು. ಕೊನೆಗೆ ಬಟ್ಟೆಗೆ ಮೇಣ ಉಜ್ಜಿ ಹೊಲಿದಳು. ಸೀಟಿಗೂ ಕವರು ಹೊಲಿದಳು, ಅಂಚಿಗೆ ಕೆಂಪು ಪಟ್ಟಿ ಇಟ್ಟು. ಇಂಜಿನ್ ಮೊದಲ ಸಲ ಸದ್ದು ಮಾಡಿದ ದಿನ ನನಗಿಂತ ಜೋರಾಗಿ ಅವಳೇ ಕೂಗಿದ್ದು. ಚಳಿಗಾಲದಲ್ಲಿ ಅದು ಸುಮ್ಮನಾದಾಗಲೆಲ್ಲ, ಅವಳನ್ನು ತನ್ನ ಮಲಯಾಳದಲ್ಲಿ ಅಕ್ಕ ಎಂದೇ ಕರೆಯುತ್ತಿದ್ದ ಜೋಸ್, "ಚೇಚೀನ ಕರೀರಿ ಸಾರ್, ಅವ್ರ್ ಬೈದ್ರೇನೇ ಇದು ಎದ್ದೇಳೋದು" ಎನ್ನುತ್ತಿದ್ದ. ಅವಳು ಬಂದು ಬಾನೆಟ್ಟಿನ ಮೇಲೆ ಕೈಯಿಟ್ಟು, ಏಳವ್ವ ಮೂದೇವಿ, ಎನ್ನುತ್ತಿದ್ದಳು. ಕೆಲವು ಸಲ ಏಳುತ್ತಿತ್ತು.

ಭಾನುವಾರಗಳಂದು ಗೋಪಾಲಸ್ವಾಮಿ ಬೆಟ್ಟದ ಬುಡದವರೆಗೆ, ಬಂಡೀಪುರದ ಕಾಡು ಶುರುವಾಗುವವರೆಗೆ ಹೋಗಿ ಬರುತ್ತಿದ್ದೆವು. ಸೆರಗನ್ನು ತಲೆಗೆ ಬಿಗಿದು, ಮಡಿಲಲ್ಲಿ ಬುತ್ತಿ ಇಟ್ಟುಕೊಂಡು ಎಡಗಡೆಯ ಸೀಟಿನಲ್ಲಿ ಕೂರುತ್ತಿದ್ದಳು. ಅಷ್ಟು ಸಂತೋಷವನ್ನು ನಾನು ಆಮೇಲೆ ಕಂಡಿಲ್ಲ. ಆ ಸಂತೋಷ ಸುಳ್ಳಾಗಿತ್ತು ಎಂದು ಹೇಳಲಾರೆ. ಅದಕ್ಕೇ ನನಗೆ ಬಾಯಿ ಬಿಡಲು ಇಷ್ಟು ವರ್ಷ... ಇಲ್ಲ, ಇದು ನೆಪ.

ಕೋಣೆಯ ಮಾತನ್ನು ಅವಳು ಮತ್ತೆ ಎತ್ತಲಿಲ್ಲ. ಕಲಿಸಿಕೊಡಿ ಎಂದು ಬಂದವರಿಗೆ ಜಾಗ ಇಲ್ಲ ಕಣವ್ವ ಎಂದು ಹೇಳುತ್ತಿದ್ದುದು ನನಗೆ ಒಳಗಿನಿಂದ ಕೇಳಿಸುತ್ತಿತ್ತು. ಬರಬರುತ್ತಾ ಅವರು ಬರುವುದನ್ನು ನಿಲ್ಲಿಸಿದರು.

ಮೂರನೆಯ ವರ್ಷ, ಅವಳ ತವರಿನಿಂದ ಹಿಂದಿರುಗುತ್ತಿದ್ದೆವು. ಮಧ್ಯಾಹ್ನ. ಎಡಗಡೆಯ ಬಾಗಿಲಿನ ಚಿಲಕ ಸಡಿಲವಾಗಿತ್ತು. ಜೋಸ್ ಎರಡು ಸಲ ಹೇಳಿದ್ದ. ನಾನು ತಂತಿ ಸುತ್ತಿ ಬಿಟ್ಟಿದ್ದೆ. ತೆರಕಣಾಂಬಿ ದಾಟಿದ ಮೇಲೆ ಒಂದು ತಿರುವಿನಲ್ಲಿ ಆಡುಗಳು ರಸ್ತೆಗೆ ನುಗ್ಗಿದವು. ವೇಗ ನಲವತ್ತು ದಾಟಿರಲಿಲ್ಲ. ಬಲಕ್ಕೆ ತಿರುಗಿಸಿ ಬ್ರೇಕ್ ಒತ್ತಿದೆ. ಗಾಳಿ ಒಳಗೆ ಬಂದಂತಾಯಿತು. ಕಾರು ನಿಂತ ಮೇಲೆ ಪಕ್ಕಕ್ಕೆ ನೋಡಿದೆ — ಸೀಟು ಖಾಲಿಯಿತ್ತು. ಕೆಂಪು ಪಟ್ಟಿಯ ಕವರು, ಅದರ ಮೇಲೆ ಬುತ್ತಿಯ ಬಟ್ಟೆ.

ಇಳಿದು ಓಡಿದೆ. ಹನ್ನೊಂದು ಹೆಜ್ಜೆ. ಎಣಿಸಬೇಕೆಂದು ಎಣಿಸಿದ್ದಲ್ಲ, ಅಳೆಯುವವನ ಕಾಲು ತಾನೇ ಎಣಿಸುತ್ತದೆ. ಅವಳು ರಸ್ತೆಯ ಅಂಚಿನ ಮಣ್ಣಿನಲ್ಲಿ ಎದ್ದು ಕೂತಿದ್ದಳು. ಎಡಗೈ ಮಣಿಕಟ್ಟಿನ ಹತ್ತಿರ ಬೇರೆ ದಿಕ್ಕಿಗೆ ತಿರುಗಿತ್ತು. ನನ್ನ ಮುಖ ನೋಡಿ ಅವಳೇ ಸಮಾಧಾನ ಮಾಡಿದಳು: "ಯಾಕ್ ನಡುಗ್ತೀರಿ? ಅವ್ವ ಬಲಗಡೆ ಕೊಟ್ಟಿದ್ಲಲ್ಲ, ಅದ್ಕೇ ಉಳ್ಕಂಡೆ ಕಣ್ರೀ."

ಹೇಳಬೇಕಾದ ಜಾಗ ಅದು. ನಾನು ಹೇಳಲಿಲ್ಲ. ಅವಳ ತಲೆಯ ಮಣ್ಣು ಒರೆಸಿದೆ.

ಕೈ ಕೂಡಿಕೊಂಡಿತು, ಆದರೆ ಮಣಿಕಟ್ಟು ಪೂರ್ತಿ ಮಡಚಲಿಲ್ಲ. ಹೊಲಿಯುವಾಗ ಬಟ್ಟೆಯನ್ನು ಸೂಜಿಯ ಕೆಳಗೆ ನಡೆಸುವುದು ಎಡಗೈ. ನೇರ ಹೊಲಿಗೆ ಅವಳಿಗೆ ಈಗಲೂ ಬರುತ್ತದೆ, ರವಿಕೆ ತೋಳಿನ ಸುತ್ತು ಹೊಲಿಯಲು ಬರುವುದಿಲ್ಲ. ಕಟ್ಟು ಬಿಚ್ಚಿದ ವಾರವೇ, ಜೀವ ಉಳಿಸಿದ್ದಕ್ಕೆ ಹರಕೆ ಒಪ್ಪಿಸಬೇಕೆಂದು ನನ್ನನ್ನು ಅದೇ ಗುಡಿಗೆ ಕರೆದುಕೊಂಡು ಹೋದಳು. ಅದೇ ಹೊಸ್ತಿಲು. ಅವಳು ಬೆಳ್ಳಿಯ ಕೈ ಒಪ್ಪಿಸಿದಳು. ನಾನು ಪಕ್ಕದಲ್ಲಿ ನಿಂತು ಕೈಮುಗಿದೆ. ಮೊದಲನೆಯದಕ್ಕಿಂತ ಇದೇ ದೊಡ್ಡ ತಪ್ಪು ಎಂದು ಈಗ ತಿಳಿಯುತ್ತದೆ. ಆಗಲೂ ತಿಳಿದಿತ್ತು.

ಚಾಮರಾಜನಗರ ಜಿಲ್ಲೆಯಾದ ವರ್ಷ ನನಗೆ ಅಲ್ಲಿಗೆ ವರ್ಗವಾಯಿತು. ಓಡಿಸಲು ಬಿಡುವಿಲ್ಲದೆ ಕಾರನ್ನು ಕೊಯಮತ್ತೂರಿನವರೊಬ್ಬರಿಗೆ ಮಾರಿದೆ. ಅದು ಬೀದಿ ದಾಟುವಾಗ ಮಾದೇವಿ ಅತ್ತಳು. ಖಾಲಿಯಾದ ಕೋಣೆಯಲ್ಲಿ ನನ್ನ ಟಯರು, ಜಾಕು, ಹಳೆಯ ನಕ್ಷೆಯ ಕಟ್ಟುಗಳು ಸೇರಿಕೊಂಡವು.

ಇಷ್ಟು ವರ್ಷಗಳ ಮೇಲೆ ಈಗ ಮಾದೇವಿಗೆ ಯಾಕೆ ಹೇಳಿದೆ ಎಂದರೆ, ನಮ್ಮ ಮಗಳಿಂದ. ಕಾರು ಮಾರಿದ ಮೇಲೆ ಹುಟ್ಟಿದವಳು, ಚಾಮರಾಜನಗರದ ಒಂದು ಲ್ಯಾಬಿನಲ್ಲಿ ರಕ್ತ ಪರೀಕ್ಷೆಯ ಕೆಲಸ ಮಾಡುತ್ತಾಳೆ. ಸ್ವಂತ ಲ್ಯಾಬ್ ತೆರೆಯಬೇಕೆಂಬುದು ಅವಳ ಆಸೆ, ಈಗ ಬೇಡ ಎಂಬುದು ಅಳಿಯನ ಮಾತು. ಹೋದ ತಿಂಗಳು ಮಾದೇವಿ ಮಗಳಿಗೆ ಫೋನಿನಲ್ಲಿ ಹೇಳುತ್ತಿದ್ದಳು — ಅವ್ವನ ಹತ್ತಿರ ಹೂ ಕೇಳಿಬಿಡಿ, ಇಬ್ಬರೂ ಅವಳು ಹೇಳಿದ ಹಾಗೆ ಕೇಳಿ, ನನಗೂ ಆ ಕಾರು ಬೇಡವೇ ಆಗಿತ್ತು, ಆದರೂ ಎಷ್ಟು ಚೆನ್ನಾಗಿದ್ದೆವು ನೋಡು. ಮಗಳು ಹೂಂ ಎಂದಳಂತೆ. ಅಳಿಯ ಒಳ್ಳೆಯ ಹುಡುಗ. ನಾನೂ ಒಳ್ಳೆಯವನೇ ಎಂದು ಎಲ್ಲರೂ ಹೇಳುತ್ತಿದ್ದರು.

ಮರುದಿನ ಬೆಳಿಗ್ಗೆ ಮಾದೇವಿ ಮೊರದಲ್ಲಿ ಅಕ್ಕಿ ಹಾಕಿಕೊಂಡು ಕಲ್ಲು ಆರಿಸುತ್ತಿದ್ದಳು. ಎದುರಿಗೆ ಕೂತೆ. "ಅವತ್ತು ಮೊದ್ಲು ಬಿದ್ದುದ್ದು ಎಡಗಡೆ ಊವ ಕಣಮ್ಮಿ. ನಾನೇ ಎತ್ತಿ ಅಂಟುಸ್ಬುಟ್ಟೆ."

ಯಾವತ್ತು ಎಂದು ಅವಳು ಕೇಳಲಿಲ್ಲ. ಕಲ್ಲು ಆರಿಸುವ ಬೆರಳು ನಿಂತಿತು. ಆಮೇಲೆ ಮತ್ತೆ ಆರಿಸಿದಳು. ಕಣ್ಣು ಮೊರದ ಮೇಲೇ ಇಟ್ಟು ಕೇಳಿದಳು: "ಬೆಳ್ಳಿ ಕೈ ಒಪ್ಸಕ್ಕೆ ಓದಾಗ್ಲೂ ಗೊತ್ತಿತ್ತಾ ನಿಮ್ಗೆ?"

ಗೊತ್ತಿತ್ತು ಎಂದೆ.

"ಪಕ್ಕದಲ್ಲೇ ನಿಂತಿದ್ರಿ" ಎಂದಳು. ಮೊರ ಎತ್ತಿಕೊಂಡು ಒಳಗೆ ಹೋದಳು.

ಸಂಜೆ ಮಗಳಿಗೆ ಅವಳೇ ಫೋನ್ ಮಾಡಿದಳು. ಹೂ ಕೇಳುವುದು ಬೇಡ, ನಿನಗೇನು ಬೇಕೋ ನೀನೇ ಬಾಯಿಬಿಟ್ಟು ಹೇಳು ಎಂದಳು. ಕಾರಣ ಹೇಳಲಿಲ್ಲ. ನನ್ನ ಹೆಸರನ್ನೂ ಎತ್ತಲಿಲ್ಲ.

ಆಮೇಲೆ ನಮ್ಮಿಬ್ಬರಲ್ಲಿ ಊಟಕ್ಕೆ, ಔಷಧಿಗೆ ಬೇಕಾದಷ್ಟೇ ಮಾತು. ನಾನು ಬೀದಿ ಕೋಣೆ ಖಾಲಿ ಮಾಡತೊಡಗಿದೆ. ನಾಲ್ಕು ದಿನ ಹಿಡಿಯಿತು. ಎಣ್ಣೆಯ ಕಲೆಯನ್ನು ಸೀಮೆಎಣ್ಣೆ ಹಾಕಿ ಉಜ್ಜಿದೆ, ಪೂರ್ತಿ ಹೋಗಲಿಲ್ಲ. ನೆಲ ಒಣಗಿದ ಮೇಲೆ ಸೀಮೆಸುಣ್ಣ ತಂದು, ಅವಳು ಬರೆದಿದ್ದ ಆರು ಚೌಕಗಳನ್ನು ನೆನಪಿನಿಂದ ಬರೆದೆ. ಇದರಿಂದ ಏನಾಗುತ್ತದೆ ಎಂದು ನನಗೆ ಗೊತ್ತಿರಲಿಲ್ಲ. ಆ ಕೈಗೆ ಇದು ಕಳೆದ ವರ್ಷಗಳನ್ನು ತಂದುಕೊಡುವುದಿಲ್ಲ. ಕ್ಷಮಿಸು ಎಂಬ ಮಾತನ್ನು ಅವಳ ಮುಂದೆ ಆಡಲು ನನಗೆ ಇನ್ನೂ ಬಾಯಿ ಬಂದಿಲ್ಲ.

ಅವಳು ಬಾಗಿಲಲ್ಲಿ ನಿಂತು ನೋಡಿದಳು. ಒಳಗೆ ಬಂದು, ಕಿಟಕಿಯ ಕೆಳಗಿನ ಚೌಕವನ್ನು ಕಾಲಿನಿಂದ ಒರೆಸಿದಳು.

"ಇಲ್ಲಲ್ಲ. ಒಂದ್ ಗೇಣು ಈಚೆ ಇತ್ತು" ಎಂದಳು.

ಅವಳು ತೋರಿಸಿದ ಜಾಗದಲ್ಲಿ ಮೊಣಕಾಲೂರಿ, ಗೆರೆಯನ್ನು ಮತ್ತೆ ಎಳೆದೆ.